ಐದು ಕಿಲೋ ಬೆಕ್ಕು

ತಾನು ಸಾಯುತ್ತಿದ್ದೇನೆ ಎಂದು ತೂಕದಣ್ಣನಿಗೆ ಗೊತ್ತಾದದ್ದು ತನ್ನದೇ ಅಂಗಡಿಯಲ್ಲಿ, ಕೈಯಾರೆ ತಾನೇ ಸರಿಮಾಡಿದ ಯಂತ್ರದ ಮೇಲೆ ನಿಂತಾಗ. ಇಪ್ಪತ್ತು ವರ್ಷ ಎಪ್ಪತ್ತೆರಡು ಕಿಲೋ ಬಿಟ್ಟು ಅತ್ತಿತ್ತ ಅಲ್ಲಾಡದ ಆಸಾಮಿ ಅವನು. ಆ ದಿನ ಮುಳ್ಳು ಅರವತ್ತೊಂಬತ್ತಕ್ಕೆ ನಿಂತಿತು. ಚಪ್ಪಲಿ ಹಾಕಿಕೊಂಡು ನಿಂತ, ಚಪ್ಪಲಿಯಷ್ಟೇ ಹೆಚ್ಚು ತೋರಿಸಿತು. ಜೇಬಿನಿಂದ ಬೀಗದ ಕೈಗೊಂಚಲು ತೆಗೆದು ನಿಂತ, ಗೊಂಚಲಿನಷ್ಟೇ ಕಡಿಮೆ ತೋರಿಸಿತು. ಯಂತ್ರ ಇಷ್ಟು ನಿಯತ್ತಾಗಿರುವಾಗ ಮೈಯೇ ಮೋಸ ಮಾಡುತ್ತಿದೆ ಎಂದಾಯಿತು.

ಬೇರೆ ಯಾರಾದರೂ ಆಗಿದ್ದರೆ ಯಂತ್ರ ಕೆಟ್ಟಿದೆ ಎಂದು ಅದಕ್ಕೊಂದು ಒದೆ ಕೊಟ್ಟು ಮುಂದೆ ಹೋಗುತ್ತಿದ್ದರು. ತೂಕದಣ್ಣನಿಗೆ ತಕ್ಕಡಿಯ ಮೇಲೆ ಅನುಮಾನ ಪಡುವುದೆಂದರೆ ಹೆತ್ತಪ್ಪನ ಮೇಲೆ ಅನುಮಾನ ಪಟ್ಟ ಹಾಗೆ. ಪೇಟೆ ಬೀದಿಯಲ್ಲಿ ದರ್ಜಿಯ ಅಂಗಡಿಗೂ ಡಾಕ್ಟರ ಕ್ಲಿನಿಕ್ಕಿಗೂ ನಡುವೆ, ಹತ್ತಡಿ ಅಗಲದ ಕೋಣೆಯಲ್ಲಿ ಅವನ ಅಪ್ಪ ಜೀವಮಾನವಿಡೀ ತಕ್ಕಡಿ ರಿಪೇರಿ ಮಾಡಿದ್ದರು. "ಮನುಷ್ಯರಿಗೆ ಮುಲಾಜಿರುತ್ತೆ ಮಗಾ, ಕಬ್ಬಿಣಕ್ಕಿರಲ್ಲ" ಎಂಬುದು ಅವರು ಬಿಟ್ಟುಹೋದ ಆಸ್ತಿ. ಆಮೇಲೆ ಆ ಕೋಣೆಯಲ್ಲಿ ಮಗ ಕೂತ. ಪೇಟೆಯಲ್ಲಿ ಮುಳ್ಳು ತಿರುಗುವ ಪ್ರತಿಯೊಂದು ತಕ್ಕಡಿಯೂ ವರ್ಷಕ್ಕೊಮ್ಮೆಯಾದರೂ ಅವನ ಕೈಗೆ ಬಂದು ಹೋಗಬೇಕು.

ಕರಾರುವಾಕ್ಕು ಎಂಬ ಮಾತಿಗೆ ಕೈಕಾಲು ಬಂದರೆ ತೂಕದಣ್ಣನ ಹಾಗೇ ಇರುತ್ತಿತ್ತು. ಅವನು "ಸ್ವಲ್ಪ ತಡವಾಯ್ತು" ಎನ್ನುವವನಲ್ಲ, "ಏಳು ನಿಮಿಷ" ಎನ್ನುವವನು. ಮನೆ ಎರಡೇ ಬೀದಿ ಆಚೆ ಇತ್ತು. ಆದರೂ ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಒಂದು ಮಧ್ಯಾಹ್ನವೂ ಊಟಕ್ಕೆ ಮನೆಗೆ ಹೋದವನಲ್ಲ. ಹೋಗಿಬರಲು ಹದಿನಾಲ್ಕು ನಿಮಿಷ ದಂಡ ಎಂದು ಲೆಕ್ಕ ಹಾಕಿ, ಹೆಂಡತಿ ಕಟ್ಟಿಕೊಟ್ಟ ಡಬ್ಬಿಯನ್ನು ಅಂಗಡಿಯಲ್ಲೇ ತಣ್ಣಗೆ ತಿಂದು ಮುಗಿಸುತ್ತಿದ್ದ. ಮನೆಯಲ್ಲಿದ್ದದ್ದು ಇಬ್ಬರೇ. ಅವಳೂ ಅಲ್ಲಿ ತಣ್ಣಗೆ ಒಬ್ಬಳೇ ತಿನ್ನುತ್ತಿದ್ದಳು.

ಇಂಥ ಮನುಷ್ಯ ಬೆಕ್ಕನ್ನು ನಂಬಿ ಕೆಟ್ಟ ಕಥೆ ಇದು. ಅವನ ತಪ್ಪು ಎಷ್ಟು, ನಿಯಮದ ತಪ್ಪು ಎಷ್ಟು ಎಂದು ನೀವೇ ತೂಗಿ ನೋಡಿ.

ಎರಡೂವರೆ ವರ್ಷದ ಹಿಂದೆ ತೂಕ-ಅಳತೆ ಇಲಾಖೆಯವರು ಅವನ ತೂಕದ ಬಟ್ಟುಗಳ ಪೆಟ್ಟಿಗೆಯನ್ನು ಹೊಸ ಮುದ್ರೆ ಒತ್ತಿಸಲು ಎಂದು ತೆಗೆದುಕೊಂಡು ಹೋದರು. ಒಯ್ದ ಇನ್ಸ್‌ಪೆಕ್ಟರಿಗೆ ವರ್ಗವಾಯಿತು. ಪೆಟ್ಟಿಗೆ ಕಚೇರಿಯ ಬೀರುವಿನಲ್ಲಿ ಉಳಿಯಿತು, ಬೀರುವಿನ ಕೀಲಿ ಇನ್ಸ್‌ಪೆಕ್ಟರ ಜೇಬಿನಲ್ಲಿ ಬೇರೆ ಊರಿಗೆ ಹೋಯಿತು. ತೂಕದಣ್ಣ ಬರೆದ ಒಂಬತ್ತು ಅರ್ಜಿಗೂ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ. ಬಟ್ಟು ಇಲ್ಲದೆ ತಕ್ಕಡಿ ಸರಿ ಮಾಡುವುದು ಹೇಗೆ? ಮುದ್ರೆಯಿಲ್ಲದ ಬಟ್ಟು ಬಳಸಬಾರದು ಎಂದು ನಿಯಮದ ಪುಸ್ತಕದಲ್ಲಿ ಕಪ್ಪು ಅಕ್ಷರದಲ್ಲಿತ್ತು. ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದ. ಬೆಕ್ಕನ್ನು ಬಳಸಬಾರದು ಎಂದು ಎಲ್ಲಿಯೂ ಇರಲಿಲ್ಲ.

ಅವನಿಗೆ ಬೆಕ್ಕು ನೆನಪಾದದ್ದಕ್ಕೆ ಕಾರಣವಿದೆ. ಪೆಟ್ಟಿಗೆ ಹೋಗುವ ಹಿಂದಿನ ದಿನ, ಅಪ್ಪನ ಕಾಲದ ಎರಡು ತಟ್ಟೆಯ ತಕ್ಕಡಿಯಲ್ಲಿ ಒಂದು ಕಡೆ ಐದು ಕಿಲೋ ಬಟ್ಟು ಇಟ್ಟು ಒರೆಸುತ್ತಿದ್ದಾಗ, ಎಲ್ಲಿಂದಲೋ ಬಂದ ಒಂದು ಬೂದುಬಣ್ಣದ ಗಂಡುಬೆಕ್ಕು ಇನ್ನೊಂದು ತಟ್ಟೆಗೆ ಹಾರಿ ಕೂತಿತ್ತು. ಎರಡು ತಟ್ಟೆಯೂ ಸಮನಾಗಿ ನಿಂತವು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ತೂಕದಣ್ಣ ಬಾಯಿ ತೆರೆದುಕೊಂಡು ನೋಡಿದ್ದ. ಹೆಂಡತಿಯನ್ನು ಮೊದಲ ಸಲ ನೋಡಿದಾಗಲೂ ಅವನ ಬಾಯಿ ಅಷ್ಟು ತೆರೆದಿರಲಿಲ್ಲ.

ಹೀಗೆ ಬೆಕ್ಕು ಬಟ್ಟಾಯಿತು. ಆದರೆ ಬಟ್ಟಿನ ಹಾಗೆ ಇಟ್ಟಲ್ಲಿ ಇರಲು ಅದಕ್ಕೇನು ಬಂದಿದೆ? ಅದು ಯಾರದೂ ಅಲ್ಲ, ಅದಕ್ಕೊಂದು ಹೆಸರಿಲ್ಲ, ಕರೆದರೆ ಕಿವಿಯನ್ನೂ ತಿರುಗಿಸುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಬೆಳಕಿಂಡಿಯಿಂದ ಬಿಸಿಲು ಕಟ್ಟೆಯ ಮೇಲೆ ಬೀಳುತ್ತಿತ್ತು. ಆ ಬಿಸಿಲಲ್ಲಿ ಕಾದ ತಗಡಿನ ತಟ್ಟೆ ಕಂಡರೆ ಅದು ಬಂದು ಕೂರುತ್ತಿತ್ತು. ಕೂತದ್ದೇ ತಡ ತೂಕದಣ್ಣ ಉಸಿರು ಹಿಡಿದು, ತಕ್ಕಡಿಯ ಹಿಂದಿನ ತಿರುಪನ್ನು ತಿರುಗಿಸಿ ಮುಳ್ಳನ್ನು ಐದಕ್ಕೆ ತಂದು ನಿಲ್ಲಿಸುತ್ತಿದ್ದ. ಅಲ್ಲಿಗೆ ಆ ತಕ್ಕಡಿ ಸರಿಯಾಯಿತು. ಮನಸ್ಸಿದ್ದರೆ ಬೆಕ್ಕು ಎದ್ದು ಪಕ್ಕದ ತಕ್ಕಡಿಗೆ ಹೋಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅವಸರದ ಗಿರಾಕಿಗಳಿಗೆ ತೂಕದಣ್ಣ ಹೇಳುತ್ತಿದ್ದ ಮಾತು ಒಂದೇ:

"ಅದಿವತ್ತು ಕೂತಿಲ್ಲಪ್ಪ. ನಾಳೆ ಬಾ."

ಒಮ್ಮೆ ಎತ್ತಿ ಕೂರಿಸಲು ಹೋದ. ಮೊಣಕೈವರೆಗೆ ಪರಚಿಸಿಕೊಂಡು, ಆಮೇಲೆ ಅದಕ್ಕೂ ಮರ್ಯಾದೆ ಇದೆ ಎಂದು ಒಪ್ಪಿಕೊಂಡ. ಇನ್ನೊಮ್ಮೆ ಮೀನಿನ ಅಂಗಡಿಯವಳು, ಬರುವುದು ಹೋಗುವುದು ಗೊತ್ತಾಗಲಿ, ಕೊರಳಿಗೆ ಗಂಟೆ ಕಟ್ಟಿ ಎಂದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದು ಲೋಕದ ಚಿಂತೆ. ತೂಕದಣ್ಣನ ಚಿಂತೆ ಬೇರೆ: "ಗಂಟೆ ತೂಕ ಯಾರಮ್ಮ ಕಳೀತಾರೆ?"

ವರ್ಷ ಕಳೆಯುವುದರೊಳಗೆ ಪೇಟೆಯಲ್ಲಿ ಒಂದು ನಂಬಿಕೆ ಹುಟ್ಟಿಕೊಂಡಿತು. ಬೆಕ್ಕು ಯಾರ ತಕ್ಕಡಿಯ ಮೇಲೆ ಮೊದಲು ಕೂರುತ್ತದೋ ಅವರು ನಿಯತ್ತಿನವರು, ಮೂಸಿ ನೋಡಿ ಹೊರಟುಹೋದರೆ ಅವರಲ್ಲಿ ಏನೋ ಹುಳುಕಿದೆ. ಹಳೇ ಪೇಪರಿನವನ ತಕ್ಕಡಿಯನ್ನು ಮೂರು ದಿನ ಬೆಕ್ಕು ತಿರುಗಿ ನೋಡಲಿಲ್ಲ. ನಾಲ್ಕನೇ ದಿನ ಅವನು ಮನೆಮನೆಗೆ ಹೋಗಿ ಕ್ಷಮೆ ಕೇಳಿ ಬಂದ. ಏನು ತಪ್ಪು ಮಾಡಿದ್ದ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಇದೆಲ್ಲ ನೋಡಿ ತೂಕದಣ್ಣ ಅಂಗಡಿಯ ಮುಂದೆ ಒಂದು ಹಲಗೆ ತೂಗುಹಾಕಿದ: "ಬೆಕ್ಕಿಗೆ ಯಾರೂ ಏನೂ ತಿನ್ನಿಸಬಾರದು. ತಿನ್ನಿಸಿದರೆ ತೂಕಕ್ಕೆ ನೀವೇ ಹೊಣೆ." ತಾನಂತೂ ಒಂದು ತೊಟ್ಟು ಹಾಲು ಹಾಕಿದವನಲ್ಲ. ಪ್ರತಿ ತಿಂಗಳ ಮೊದಲ ಸೋಮವಾರ ತನ್ನ ಅಂಗಡಿಯ ಯಂತ್ರಗಳನ್ನೂ, ಆಳು ನಿಂತು ತೂಗುವ ಆ ದೊಡ್ಡ ಯಂತ್ರವನ್ನೂ ಬಿಸಿಲಲ್ಲಿಟ್ಟು, ಬೆಕ್ಕು ತಾನಾಗಿ ಕೂತಾಗ ಸರಿ ನೋಡುತ್ತಿದ್ದ. ಮುಳ್ಳು ಒಂದಿಷ್ಟು ಆಚೀಚೆ ಆಗಿದ್ದರೆ ತಿರುಪು ತಿರುಗಿಸಿ ಐದಕ್ಕೆ ತರುತ್ತಿದ್ದ. ಆಮೇಲೆ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದ, "ಎರಡು ವರ್ಷ ಆಯ್ತು, ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಮ್ಮಿಯಿಲ್ಲ. ಯಾವಾಗ ತೂಗಿದ್ರೂ ಐದೇ."

ಆ ಬೆಕ್ಕು ಐದು ಕಿಲೋ ಇರುವವರೆಗೆ ತಾನು ಅರವತ್ತೊಂಬತ್ತು ಎಂಬುದರಲ್ಲಿ ಅನುಮಾನ ಪಡುವುದು ಹೇಗೆ ಹೇಳಿ.

ಡಾಕ್ಟರ ಬಳಿ ಹೋದ. ಡಾಕ್ಟರು ತಮ್ಮ ಯಂತ್ರದ ಮೇಲೆ ನಿಲ್ಲಿಸಿದರು. ಹಿಂದಿನ ವಾರವಷ್ಟೇ ತೂಕದಣ್ಣನೇ ಸರಿಮಾಡಿಕೊಟ್ಟಿದ್ದ ಯಂತ್ರ, ಅದೂ ಅರವತ್ತೊಂಬತ್ತೇ ಎಂದಿತು. ಡಾಕ್ಟರು ನಾಲಿಗೆ ನೋಡಿದರು, ಬೆನ್ನು ಬಡಿದರು, ಏನೂ ಸಿಗಲಿಲ್ಲ.

"ನೀವೊಬ್ಬರೇ ಅಲ್ಲ ಕಣ್ರೀ," ಎಂದರು ಧ್ವನಿ ತಗ್ಗಿಸಿ. "ಬೀದೀಲಿ ಎಲ್ಲರ ತೂಕಾನೂ ಇಳೀತಿದೆ. ನೀರಲ್ಲಿ ಏನೋ ಇರಬೇಕು. ನಂದೂ ನಾಲ್ಕು ಕಿಲೋ ಇಳಿದಿದೆ, ಆದ್ರೆ ನನಗದು ಬೇಕಿತ್ತು."

"ನನಗೆ ಬೇಕಿರಲಿಲ್ಲ," ಎಂದ ತೂಕದಣ್ಣ.

"ಚೆನ್ನಾಗಿ ತಿನ್ನಿ. ತಿಂದೂ ಇಳಿದ್ರೆ ಆಗ ಯೋಚನೆ ಮಾಡೋಣ."

ತೂಕದಣ್ಣ ಚೆನ್ನಾಗಿ ತಿಂದ. ಬೇಕರಿಯ ಮುಂದೆ ನಿಂತು ತಿಂದ, ನಡೆಯುತ್ತ ತಿಂದ, ಮಾತಿನ ನಡುವೆ ತಿಂದ. ಮುಂದಿನ ತಿಂಗಳು ಅರವತ್ತೆಂಟು. ಅದರ ಮುಂದಿನ ತಿಂಗಳು ಅರವತ್ತೇಳು. ತಿಂದೂ ಇಳಿದರೆ ಯೋಚನೆ ಮಾಡೋಣ ಎಂದಿದ್ದ ಡಾಕ್ಟರು ಯೋಚನೆ ಮಾಡತೊಡಗಿದರು.

ಅಂಗಿಯ ಗುಂಡಿಗಳು ಕಿತ್ತುಬರತೊಡಗಿದಾಗ ಪಕ್ಕದ ದರ್ಜಿಯ ಬಳಿ ಹೋದ. ದರ್ಜಿ ಟೇಪು ಹಿಡಿದು, ಎರಡು ಸಲ ಅಳೆದು, ಕನ್ನಡಕ ಮೇಲಕ್ಕೇರಿಸಿದ.

"ಸೊಂಟ ಮೂರು ಇಂಚು ಹೆಚ್ಚಾಗಿದೆಯಲ್ಲೋ ಮಾರಾಯ."

"ಸಾಯ್ತಿರೋನ ಜೊತೆ ತಮಾಷೆ ಮಾಡ್ಬೇಡ. ನಿನ್ನ ಟೇಪು ಬಟ್ಟೆಯದು, ಅದು ಕುಗ್ಗಿದೆ."

"ನನ್ನ ಟೇಪು ಕುಗ್ಗಿದ್ರೆ ಊರೆಲ್ಲ ದಪ್ಪ ಆಗ್ಬೇಕಿತ್ತು."

"ಊರೆಲ್ಲ ಸಣ್ಣ ಆಗ್ತಿದೆ, ಡಾಕ್ಟರನ್ನ ಕೇಳು."

ವಾಸ್ತವವಾಗಿ ದರ್ಜಿ ಆ ವರ್ಷ ಊರಿಗೆಲ್ಲ ಸೊಂಟ ಸಡಿಲಿಸಿ ಹೊಲಿಯುತ್ತಿದ್ದ, ತನ್ನ ಟೇಪಿನ ಮೇಲೆ ಅವನಿಗೇ ಅನುಮಾನ ಬಂದಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಮಾನ ಅಡ್ಡ ಬಂತು. ಮೂವತ್ತು ವರ್ಷದ ಅಕ್ಕಪಕ್ಕದವರು ಅಂದಿನಿಂದ ಮಾತು ಬಿಟ್ಟರು. ಹೊಟ್ಟೆ ಮುಂದೆ ಬಂದಿರುವುದು ತೂಕದಣ್ಣನ ಕಣ್ಣಿಗೂ ಕಾಣುತ್ತಿತ್ತು. ಅದು ಬಾವು ಎಂದು ಅವನ ತೀರ್ಮಾನ. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ, ಇವನಿಗೆ ಹೊಟ್ಟೆ ನೋಡಿಕೊಳ್ಳಲೂ ತಕ್ಕಡಿ ಬೇಕಿತ್ತು.

ಒಂದು ಸಂಜೆ ಧೈರ್ಯ ಮಾಡಿ ಹೆಂಡತಿಗೆ ಹೇಳಿದ. ಅವಳು ಕಾಳು ಆರಿಸುತ್ತ ಕೂತಿದ್ದಳು.

"ನೋಡೇ, ನಾನು ಸಾಯ್ತಿದ್ದೀನಿ. ಆರು ಕಿಲೋ ಹೋಗಿದೆ. ಈ ಲೆಕ್ಕದಲ್ಲಿ ಹೋದ್ರೆ ಹೆಚ್ಚಂದ್ರೆ ಐದೂವರೆ ವರ್ಷ."

ಅವಳು ಮೊರ ಕೆಳಗಿಟ್ಟಳು. ಅಡಿಯಿಂದ ಮುಡಿಯವರೆಗೆ ಗಂಡನನ್ನು ನೋಡಿದಳು. ಕಣ್ಣು ಹೊಟ್ಟೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

"ಹಾಗಾದ್ರೆ ನಾಳೆಯಿಂದ ಮಧ್ಯಾಹ್ನ ಮನೆಗೇ ಬನ್ರೀ," ಎಂದಳು. "ಬಿಸಿಬಿಸಿ ತಿಂದ್ರೆ ಮೈಗೆ ಹತ್ತುತ್ತೆ."

ಸಾಯುವವನಿಗೆ ಹದಿನಾಲ್ಕು ನಿಮಿಷ ಯಾವ ಲೆಕ್ಕ? ಮರುದಿನ ಒಂದು ಗಂಟೆಗೆ ಅಂಗಡಿಗೆ ಬೀಗ ಹಾಕಿ ಮನೆಗೆ ನಡೆದ. ಹಗಲಿನಲ್ಲಿ ತನ್ನ ಮನೆಯ ಅಡುಗೆಮನೆಗೆ ಇಷ್ಟೊಂದು ಬೆಳಕು ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಊಟವಾದ ಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಇಬ್ಬರೂ ಕೂರುತ್ತಿದ್ದರು. ಹೆಂಡತಿ ಪೇಪರನ್ನು ಕೊನೆಯ ಪುಟದಿಂದ ಓದುತ್ತಾಳೆ, ಪಾತ್ರೆ ತೊಳೆಯುವಾಗ ಮೂಗಿನಲ್ಲೇ ಹಾಡಿಕೊಳ್ಳುತ್ತಾಳೆ, ಪಕ್ಕದ ಮನೆಯವರ ನಡಿಗೆಯನ್ನು ಥೇಟ್ ಹಾಗೆಯೇ ಮಾಡಿ ತೋರಿಸುತ್ತಾಳೆ ಎಂಬುದೆಲ್ಲ ಇಪ್ಪತ್ತಾರು ವರ್ಷದ ಮೇಲೆ ಅವನಿಗೆ ತಿಳಿಯಿತು. ತಾನು ಹೋದ ಮೇಲೆ ಅವಳು ಅಂಗಡಿ ನಡೆಸಲಿ ಎಂದು ಹಳೆಯ ತಕ್ಕಡಿ ತಂದು ಬಿಚ್ಚಿ ಜೋಡಿಸುವುದನ್ನು ಕಲಿಸಿದ. ಎರಡೇ ವಾರದಲ್ಲಿ ಅವಳು ಅವನಿಗಿಂತ ಬೇಗ ಜೋಡಿಸಿದಳು. ಒಂದು ಗಂಟೆಯ ಊಟ ಮೂರು ಗಂಟೆಯವರೆಗೆ ಹಿಗ್ಗಿತು. ತೂಕದಣ್ಣನಿಗೆ ಸಂತೋಷವಾಗುತ್ತಿತ್ತು, ಸಾಯುವ ಕಾಲದಲ್ಲಿ ಇಷ್ಟು ಸಂತೋಷಪಡುವುದು ಸರಿಯೇ ಎಂದು ನಾಚಿಕೆಯೂ ಆಗುತ್ತಿತ್ತು. ಬಿಟ್ಟುಹೋಗಲು ಈಗ ಮನಸ್ಸು ಬರುತ್ತಿರಲಿಲ್ಲ.

ಮುಳ್ಳು ಅರವತ್ತೈದಕ್ಕೆ ಇಳಿದ ವಾರ ಹೊಸ ಇನ್ಸ್‌ಪೆಕ್ಟರ್ ಮೇಡಂ ಬಂದರು. ಜೊತೆಗೆ ಕೆಂಪು ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ ಸರ್ಕಾರಿ ಮುದ್ರೆಯ ಹಿತ್ತಾಳೆ ಬಟ್ಟುಗಳು. ಕಟ್ಟೆಯ ಮೇಲೆ ಹನ್ನೊಂದು ತಕ್ಕಡಿಗಳಿದ್ದವು. ಮೊದಲನೆಯದರ ಮೇಲೆ ಐದು ಕಿಲೋ ಬಟ್ಟು ಇಟ್ಟರು. ಮುಳ್ಳು ನಾಲ್ಕು ದಾಟಿ ಚೂರು ಮುಂದೆ ಹೋಗಿ ನಿಂತುಬಿಟ್ಟಿತು. ಎರಡನೆಯದೂ ಅಷ್ಟೇ. ಹನ್ನೊಂದನೆಯದೂ ಅಷ್ಟೇ. ಮೇಡಂ ಪೆನ್ನು ಕೆಳಗಿಟ್ಟರು.

"ತಪ್ಪು ತಕ್ಕಡಿ ನಾನು ಬೇಕಾದಷ್ಟು ನೋಡಿದ್ದೀನಿ. ಎಲ್ಲಾ ಒಂದೇ ಸಮ ತಪ್ಪಿರೋದು ಇದೇ ಮೊದಲು. ಯಾವ ಬಟ್ಟು ಇಟ್ಟು ಸರಿ ಮಾಡ್ತೀರಿ, ತೋರಿಸಿ."

ತೂಕದಣ್ಣ ಗಡಿಯಾರ ನೋಡಿದ.

"ಅದು ಹತ್ತು ಗಂಟೆಗೆ ಬರುತ್ತೆ, ಮೇಡಂ."

ಮೇಡಂ ಹತ್ತು ಗಂಟೆಯವರೆಗೆ ಕಾದರು. ಅಷ್ಟರಲ್ಲಿ ಸುದ್ದಿ ಹರಡಿ ಅರ್ಧ ಪೇಟೆ ಬಾಗಿಲಲ್ಲಿ ಸೇರಿತ್ತು. ಬಿಸಿಲು ಬಿತ್ತು. ಬೆಕ್ಕು ಬಂತು, ಜನರ ಕಾಲುಗಳ ನಡುವೆ ಯಾರನ್ನೂ ಮೂಸದೆ ನಡೆದು ಕಟ್ಟೆ ಹತ್ತಿ, ಅಪ್ಪನ ಕಾಲದ ಎರಡು ತಟ್ಟೆಯ ತಕ್ಕಡಿಯಲ್ಲಿ ಹೋಗಿ ಕೂತಿತು. ತೂಕದಣ್ಣನ ಮುಖ ಅರಳಿತು. ಮೇಡಂ ಇನ್ನೊಂದು ತಟ್ಟೆಗೆ ಐದು ಕಿಲೋ ಹಿತ್ತಾಳೆ ಇಟ್ಟರು. ಬೆಕ್ಕಿನ ತಟ್ಟೆ ಏಳಲೇ ಇಲ್ಲ. ಒಂದು ಕಿಲೋ ಸೇರಿಸಿದರು. ಆಗ ಎರಡೂ ಸಮ ನಿಂತವು.

"ಆರು," ಎಂದರು ಮೇಡಂ. "ನಿಮ್ಮ ಐದು ಕಿಲೋ ಬೆಕ್ಕು ಆರು ಕಿಲೋ ಇದೆ. ಅದು ದಪ್ಪ ಆಗ್ತಾ ಹೋಗಿದೆ, ನೀವು ತಿರುಪು ತಿರುಗಿಸ್ತಾ ಹೋಗಿದ್ದೀರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಯಾರೂ ಕೇಳದಿದ್ದರೂ ಮೀನಿನ ಅಂಗಡಿಯವಳು ಮೊದಲು ಬಾಯಿಬಿಟ್ಟಳು.

"ನಾನು ದಿನಾ ಒಂದೇ ತಲೆ ಹಾಕ್ತಿದ್ದದ್ದು, ಅದೂ ಸಣ್ಣದು."

ದರ್ಜಿ ಹಾಲು ಹಾಕುತ್ತಿದ್ದ. ಡಾಕ್ಟರು ಬೆಣ್ಣೆ ಸವರಿದ ಬ್ರೆಡ್ಡು. ಹಳೇ ಪೇಪರಿನವನು, ಆ ಮೂರು ದಿನದ ಅವಮಾನದ ಮೇಲೆ, ಮಾಂಸದ ತುಂಡು. ನಾನೊಬ್ಬನೇ ಹಾಕುತ್ತಿದ್ದೇನೆ, ನನ್ನನ್ನೊಬ್ಬನನ್ನೇ ಅದು ಹಚ್ಚಿಕೊಂಡಿದೆ ಎಂದು ಪ್ರತಿಯೊಬ್ಬರೂ ನಂಬಿದ್ದರು. ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎಲ್ಲರೂ ಸೇರಿ ಬೆಕ್ಕನ್ನು ನೋಡಿದರು. ಅದು ಹಿಂಗಾಲು ಮೇಲೆತ್ತಿ ನೆಕ್ಕಿಕೊಳ್ಳುತ್ತಿತ್ತು. ಇಷ್ಟು ದಿನ ಮೂಟೆಗಳು ಬೇಗ ಖಾಲಿಯಾಗುವುದಕ್ಕೆ ಇಲಿಗಳನ್ನು ಬೈಯುತ್ತಿದ್ದ ವ್ಯಾಪಾರಿಗಳಿಗೆ ಈಗ ಬೈಯಲು ಇಲಿಯೂ ಉಳಿಯಲಿಲ್ಲ.

ಮೇಡಂ ಬರೆಯತೊಡಗಿದರು. ಲೈಸೆನ್ಸು ಆರು ತಿಂಗಳು ಅಮಾನತು, ತಕ್ಕಡಿಗಳಿಗೆ ಸೀಲು, ಮುದ್ರೆಯಿಲ್ಲದ ಬಟ್ಟು ಜಪ್ತಿ. ಜಪ್ತಿ ಎನ್ನುವಷ್ಟರಲ್ಲಿ ಬೆಕ್ಕು ಎದ್ದು ಮೈಮುರಿದು, ಜಪ್ತಿ ಕಾಗದದ ಮೇಲೆಯೇ ನಡೆದು, ಬೆಳಕಿಂಡಿಗೆ ಹಾರಿ ಹೆಂಚಿನ ಮೇಲೆ ಮಾಯವಾಯಿತು. ಮೇಡಂ ನಿಯಮದವರು, ಕಂಡದ್ದನ್ನು ಕಂಡಹಾಗೆ ಬರೆದರು: "ಸದರಿ ಬಟ್ಟು ತಾನಾಗಿಯೇ ಸ್ಥಳದಿಂದ ಹೊರಟುಹೋಯಿತು."

ಅಪ್ಪನ ಕಾಲದ ಅಂಗಡಿಗೆ ಸೀಲು ಬೀಳುತ್ತಿದ್ದರೆ ತೂಕದಣ್ಣ ಅಳಬೇಕಿತ್ತು. ಅವನ ತಲೆಯಲ್ಲಿ ಬೇರೇನೋ ತಿರುಗುತ್ತಿತ್ತು.

"ಮೇಡಂ, ಐದು ಅಂತ ತೋರಿಸಿದ್ದು ಆರಾದ್ರೆ, ಅರವತ್ತೈದು ಅಂತ ತೋರಿಸಿದ್ದು ಎಷ್ಟಾಗುತ್ತೆ?"

ಮೇಡಂ ಕಾಗದದ ಅಂಚಿನಲ್ಲಿ ಗುಣಿಸಿದರು. "ಎಪ್ಪತ್ತೆಂಟು."

"ಇನ್ನೊಂದು ಸಲ ಗುಣಿಸಿ, ಮೇಡಂ."

"ಎಪ್ಪತ್ತೆಂಟೇ. ಯಾಕೆ, ಯಾರದು?"

"ನಂದು. ಹಾಗಾದ್ರೆ ನಾನು ದಪ್ಪ ಆಗಿದ್ದೀನಿ."

"ಅದು ಗುಣಿಸದೇನೂ ಕಾಣುತ್ತೆ," ಎಂದರು ಮೇಡಂ.

ತೂಕದಣ್ಣ ಸಹಿ ಹಾಕಿದ. ದರ್ಜಿಯ ಎರಡೂ ಕೈ ಹಿಡಿದು ಕುಲುಕಿದ. ದರ್ಜಿ ಕಣ್ಣೊರೆಸಿಕೊಂಡ, ಅವನ ಟೇಪು ಗೆದ್ದಿತ್ತು. ಆ ಬೀದಿಯಲ್ಲಿ ಅಂದು ದುಃಖಪಟ್ಟವರು ಡಾಕ್ಟರೊಬ್ಬರೇ, ತಮ್ಮ ಇಳಿದಿದ್ದ ಕಿಲೋಗಳೆಲ್ಲ ಒಂದೇ ಗಳಿಗೆಯಲ್ಲಿ ವಾಪಸ್ಸು ಬಂದದ್ದಕ್ಕೆ. ಏಳು ನಿಮಿಷದ ದಾರಿಯನ್ನು ತೂಕದಣ್ಣ ಎಷ್ಟು ನಿಮಿಷದಲ್ಲಿ ಓಡಿದ ಎಂದು ಅವನಿಗೇ ಗೊತ್ತಿಲ್ಲ. ಬದುಕಿನಲ್ಲಿ ಮೊದಲ ಸಲ ಅವನು ಗಡಿಯಾರ ನೋಡಿರಲಿಲ್ಲ.

"ಲೇ, ನಾನು ಸಾಯ್ತಿಲ್ಲ ಕಣೇ," ಎಂದ ಬಾಗಿಲಲ್ಲೇ ಏದುಸಿರು ಬಿಡುತ್ತ. ಬೆಕ್ಕು, ಹಿತ್ತಾಳೆ, ಎಪ್ಪತ್ತೆಂಟು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಒಲೆ ಸಣ್ಣ ಮಾಡಿ ಈ ಕಡೆ ತಿರುಗಿದಳು.

"ನನಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ನೀವು ಸಾಯ್ತಿಲ್ಲ ಅಂತ. ಐದು ಕಿಲೋ ಅಕ್ಕಿ ತಂದ್ರೆ ಡಬ್ಬದ ಮುಚ್ಚಳ ಹಾಕೋಕಾಗ್ತಿರಲಿಲ್ಲ. ಯಾವತ್ತೂ ಹಿಡೀತಿದ್ದ ಡಬ್ಬ. ತಕ್ಕಡೀಲೇ ಏನೋ ಎಡವಟ್ಟು ಅಂತ ಆಗ್ಲೇ ಅಂದ್ಕೊಂಡೆ."

"ಮತ್ತೆ ಹೇಳ್ಬಾರದಾ? ನಾನು ಎಷ್ಟು ಹೆದರಿದ್ದೆ ಗೊತ್ತಾ ನಿನಗೆ?"

ಅವಳು ಸೆರಗಿನ ತುದಿಯಿಂದ ಕೈ ಒರೆಸಿಕೊಂಡಳು. ಒರೆಸಿದ್ದನ್ನೇ ಒರೆಸಿದಳು.

"ಆಪರೇಷನ್ನು ಗೀಪರೇಷನ್ನು ಅಂದಿದ್ರೆ ಹೇಳ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತಾನೇ ಇದ್ದೆ." ಒಲೆಯ ಕಡೆ ತಿರುಗಿ ಹೇಳಿದಳು, "ಸಾಯ್ತೀನಿ ಅಂತ ಗೊತ್ತಾದ ಮೇಲೆ ತಾನೇ ನೀವು ಮಧ್ಯಾಹ್ನ ಮನೆಗೆ ಬರೋಕೆ ಶುರು ಮಾಡಿದ್ದು."

ತೂಕದಣ್ಣನಿಗೆ ಸಿಟ್ಟು ಬರಬೇಕಿತ್ತು, ಅರ್ಧ ದಾರಿಯವರೆಗೆ ಬಂತು ಕೂಡ. ಆಮೇಲೆ ಅವನಿಗೆ ಇಪ್ಪತ್ತಾರು ವರ್ಷ ಈ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಂಡವಳು ಕಣ್ಣಿಗೆ ಕಂಡಳು. ಅಷ್ಟು ತೂಕವನ್ನು ತೂಗುವ ಯಂತ್ರ ಅವನ ಅಂಗಡಿಯಲ್ಲಿ ಎಂದೂ ಇರಲಿಲ್ಲ. ಹೋಗಿ ತನ್ನ ಜಾಗದಲ್ಲಿ ಕೂತ.

"ಇನ್ನು ಡಬ್ಬಿ ಕಟ್ಲಾ?" ಎಂದು ಕೇಳಿದಳು ಅವಳು, ಮುಖ ಒಲೆಯ ಕಡೆಗಿತ್ತು.

"ಬೇಡ. ಸಾಯ್ತಾನೇ ಇದ್ದೀನಿ, ಅಂದುಕೊಂಡಿದ್ದಕ್ಕಿಂತ ನಿಧಾನ ಅಷ್ಟೇ. ಬಡಿಸು."

ಆರು ತಿಂಗಳ ಮೇಲೆ ಲೈಸೆನ್ಸು ಬಂತು. ಬೀರುವಿನ ಬೀಗ ಒಡೆಸಿ ಮೇಡಂ ಬಟ್ಟುಗಳ ಪೆಟ್ಟಿಗೆಯನ್ನೂ ಕಳಿಸಿಕೊಟ್ಟರು. ಈಗ ಅಂಗಡಿಯಲ್ಲಿ ತಿರುಪು ತಿರುಗಿಸುವುದು ಹೆಚ್ಚಾಗಿ ಹೆಂಡತಿಯೇ, ಅವಳ ಕೈ ಚುರುಕು. ಬೆಕ್ಕು ಮೊದಲಿನ ಹಾಗೆಯೇ ಹತ್ತು ಗಂಟೆಗೆ ಬರುತ್ತದೆ. ತನ್ನ ಕೆಲಸ ಹೋಗಿದೆ ಎಂದು ಅದಕ್ಕೆ ಯಾರೂ ಹೇಳಿಲ್ಲ, ಹೇಳಿದರೂ ಕೇಳುವ ಪೈಕಿ ಅಲ್ಲ ಅದು. ತೂಕದಣ್ಣ ತಲೆ ಸವರಲು ಹೋದರೆ ಒಂದು ಗೇಣು ಆಚೆ ಸರಿದು ಮತ್ತೆ ಅಲ್ಲೇ ಕೂರುತ್ತದೆ. ಅದರ ತೂಕ ಈಗೆಷ್ಟು ಎಂದು ಕೇಳಿದವರಿಗೆ ಅವನು "ಬೆಕ್ಕಿನಷ್ಟು" ಎನ್ನುತ್ತಾನೆ.

ಒಂದು ಗಂಟೆ ಹೊಡೆಯುತ್ತಲೇ ಇಬ್ಬರೂ ಎದ್ದು ಬಾಗಿಲು ಎಳೆಯುತ್ತಾರೆ. ಯಾರಾದರೂ ಅವಸರದ ಗಿರಾಕಿ ತಕ್ಕಡಿ ಹೊತ್ತು ಓಡಿಬಂದು, ಇಷ್ಟು ಬೇಗ ಎಲ್ಲಿಗೆ ಹೊರಟಿರಿ ಎಂದರೆ, ತೂಕದಣ್ಣ ಬೀಗ ಜಗ್ಗಿ ನೋಡುತ್ತ ಹೇಳುತ್ತಾನೆ:

"ನಾನು ಸಾಯ್ತಿದ್ದೀನಿ ಕಣಪ್ಪ, ಊಟಕ್ಕೆ ಹೋಗ್ಬೇಕು. ಮೂರು ಗಂಟೆಗೆ ಬಾ."